ಸುಗ್ಗಿಯ ಕಾಲದಲ್ಲಿ ಕಣ್ಣಿಗೆ ಬೀಳುವ ಹೊಟ್ಟು, ಊಬು, ರೋಮಗಳ ವಿಷಯ

ರಾಗಿಯ ಒಕ್ಕಣೆಯೂ ಭತ್ತದ ತೂರುವ ಕೆಲಸವೂ ನಡೆಯುವ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕಣದ ಆಳುಗಳ ಪೈಕಿ ದಿನಕ್ಕೊಬ್ಬರಾದರೂ ಕಣ್ಣುಜ್ಜಿಕೊಂಡು ನಿಲ್ಲುವುದನ್ನು ಜಮೀನುದಾರರೆಲ್ಲರೂ ನೋಡಿಯೇ ಇರುತ್ತಾರೆ. ಏನೋ ಕಸ ಬಿತ್ತೆಂದು ಸೆರಗಿನಿಂದಲೋ ವಲ್ಲಿಯಿಂದಲೋ ಒರಸಿಕೊಂಡು ಮತ್ತೆ ಮೊರ ಹಿಡಿಯುವುದು ವಾಡಿಕೆ. ಬಹುಮಟ್ಟಿಗೆ ಅದು ಅಷ್ಟಕ್ಕೇ ಮುಗಿಯುತ್ತದೆ. ಹಾಗೆ ಮುಗಿಯದ ಕೆಲವರ ಕಣ್ಣಿನಲ್ಲಿ ಹತ್ತು ಹದಿನೈದು ದಿನಗಳೊಳಗೆ ಹೂ ಬಿದ್ದು ದೃಷ್ಟಿ ಹೋಗುತ್ತದೆ. ಎತ್ತು ಕುಂಟಿದರೆ ಆ ಹೊತ್ತಿಗೇ ಪಶುವೈದ್ಯರಿಗೆ ಹೇಳಿಕಳುಹಿಸುವ ನಾವು ಆಳಿನ ಕಣ್ಣು ಕೆಂಪಾದರೆ ಎರಡು ದಿನ ನೋಡೋಣವೆನ್ನುತ್ತೇವೆ. ಆ ಎರಡು ದಿನಗಳಲ್ಲಿ ಕಣ್ಣಿನೊಳಗೆ ನಡೆಯುವುದೇನು, ಆಗ ಮಾಡತಕ್ಕದ್ದೇನು ಎಂಬುದನ್ನು ತಿಳಿಸುವುದೇ ಈ ಪತ್ರಿಕೆಯ ಉದ್ದೇಶ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಬಾಗಿದ ಪಾರದರ್ಶಕವಾದ ಒಂದು ಪೊರೆಯುಂಟು. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಬೆಳಕು ಸರಾಗವಾಗಿ ಒಳಗೆ ಹೋಗಬೇಕಾದುದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ರಕ್ತದ ಕಾವಲು ಸಮೀಪದಲ್ಲಿಲ್ಲದ ಕಾರಣ ಒಳಹೊಕ್ಕ ರೋಗಾಣುವಿಗೆ ತಡೆಯೂ ನಿಧಾನ. ಇದಕ್ಕೆ ಬದಲಾಗಿ ಆ ಪೊರೆಯ ಮೇಲೆ ಬಿಗಿಯಾದ ಒಂದು ತೆಳುಹೊದಿಕೆಯಿದೆ. ಕಣ್ಣೀರೂ ರೆಪ್ಪೆಯೂ ಅದನ್ನು ಹಗಲೆಲ್ಲ ತೊಳೆದು ಒರಸುತ್ತಿರುತ್ತವೆ. ಹೊದಿಕೆ ಹರಿಯದಿರುವ ತನಕ ಹೊಲದ ದೂಳಿನಲ್ಲಿರುವ ಬೂಷ್ಟು ಕಣ್ಣಿನಲ್ಲಿ ಬೇರೂರಲಾರದು. ಸಣ್ಣ ಗೀರಾದರೆ ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಬಾಗಿಲು ತೆರೆದಿರುತ್ತದೆ. ಆ ಬಾಗಿಲಿನಿಂದ ನಾವು ಏನನ್ನು ಒಳಕ್ಕೆ ಬಿಡುತ್ತೇವೆಯೋ ಅದರ ಮೇಲೆ ಕಣ್ಣಿನ ಗತಿ ನಿಂತಿದೆ.

ಕಬ್ಬಿಣದ ಚೂರಿಗಿಂತ ಹುಲ್ಲಿನ ಚೂರು ಸಾಧುವೆಂದು ಜನರ ಭಾವನೆ. ಗಾಯದ ಆಳವನ್ನು ನೋಡಿದರೆ ಈ ಮಾತು ಸರಿಯಾದರೂ, ಅನಂತರ ಬರುವ ರೋಗವನ್ನು ನೋಡಿದರೆ ತಪ್ಪು. ಭತ್ತದ ಊಬು, ರಾಗಿಯ ಹೊಟ್ಟು, ಜೋಳದ ಗರಿ, ಕಬ್ಬಿನ ಸೋಗೆಯ ಅಂಚು, ತೆಂಗಿನ ನಾರು ಇವೆಲ್ಲವುಗಳ ಮೇಲೂ ಬೂಷ್ಟಿನ ಬೀಜಕಣಗಳು ಕುಳಿತಿರುತ್ತವೆ. ತೊಗರಿಯ ಸೊರಗುರೋಗಕ್ಕೂ ಬಾಳೆಯ ಪನಾಮಾ ರೋಗಕ್ಕೂ ಕಾರಣವಾದ ಫ್ಯುಸೇರಿಯಂ ಎಂಬ ಬೂಷ್ಟಿನ ಕುಲವನ್ನು ಕೇಳದ ರೈತರು ವಿರಳ. ಅದೇ ಕುಲದ ಜಾತಿಗಳು ಮನುಷ್ಯನ ಕಣ್ಣಿನ ಪೊರೆಯಲ್ಲಿಯೂ ಬೆಳೆಯುತ್ತವೆ. ತೇವವಾದ ಕಡಲೆಕಾಯಿಗೆ ಹಸುರಾಗಿ ಹಿಡಿಯುವ ಆಸ್ಪರ್ಜಿಲಸ್ ಎಂಬುದೂ ಹಾಗೆಯೇ. ಬೂಷ್ಟಿನಿಂದ ಕಣ್ಣಿನಲ್ಲಿ ಹುಣ್ಣಾಗುವುದನ್ನು ಮೊತ್ತಮೊದಲು 1879ರಲ್ಲಿ ವರ್ಣಿಸಿದವರು ಜರ್ಮನಿಯ ನೇತ್ರವೈದ್ಯರಾದ ಥಿಯೋಡೋರ್ ಲೆಬೆರ್. ಅವರ ಆ ರೋಗಿಯೂ ಒಬ್ಬ ರೈತನೇ. ಒಕ್ಕಣೆಯ ವೇಳೆ ಓಟ್ಸ್ ಧಾನ್ಯದ ಹೊಟ್ಟು ಸಿಡಿದು ಅವನ ಕಣ್ಣಿಗೆ ಬಿದ್ದಿತ್ತು.

ನಮ್ಮ ನೆರೆಯ ತಮಿಳುನಾಡಿನ ಮಧುರೆಯಲ್ಲಿ 1994ರ ಮೊದಲ ಮೂರು ತಿಂಗಳುಗಳಲ್ಲಿ ಕಣ್ಣಿನ ಹುಣ್ಣಿನಿಂದ ಆಸ್ಪತ್ರೆಗೆ ಬಂದ 434 ಮಂದಿಯನ್ನು ಪರೀಕ್ಷಿಸಲಾಗಿ, 284 ಮಂದಿಗೆ ಮೊದಲು ಕಣ್ಣಿಗೆ ಏನಾದರೊಂದು ಪೆಟ್ಟಾಗಿತ್ತೆಂದು ತಿಳಿದುಬಂದಿತು. ರೋಗಾಣು ಸಿಕ್ಕಿದ 297 ಮಂದಿಯಲ್ಲಿ 139 ಮಂದಿಗೆ ಕೇವಲ ಬೂಷ್ಟೇ ಕಾರಣವಾಗಿತ್ತು. ಅಂದರೆ ಹೆಚ್ಚುಕಡಮೆ ಅರ್ಧದಷ್ಟು. ಬ್ಯಾಕ್ಟೀರಿಯಾದಿಂದಾಗುವ ಹುಣ್ಣು ಬೇಗನೆ ಕೆರಳಿ ರೋಗಿಯನ್ನು ಆಸ್ಪತ್ರೆಗೆ ಓಡಿಸುತ್ತದೆ. ಬೂಷ್ಟಿನ ಹುಣ್ಣು ಹಲವು ವೇಳೆ ಮೆಲ್ಲಗೆ ಬೆಳೆಯುತ್ತದೆ. ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಒಣಗಿದಂತೆ ಕಾಣುವ, ಗರಿಯಂತೆ ಅಂಚು ಹರಡಿದ ಬಿಳಿಯ ಕಲೆಯೊಂದು ಕರಿಗುಡ್ಡೆಯ ಮೇಲೆ ಮೂಡುವ ಹೊತ್ತಿಗೆ ಬಹಳ ದಿನ ಕಳೆದಿರುತ್ತದೆ.

ಹಲವು ವರ್ಷಗಳ ಕೆಳಗೆ ಈ ಲೇಖಕನು ಕಂಡ ಒಂದು ಸಂಗತಿಯನ್ನು ಇಲ್ಲಿ ಬರೆಯುವುದು ಅಪ್ರಸ್ತುತವಾಗಲಾರದು. ರಾಗಿ ತೂರುತ್ತಿದ್ದ ಒಬ್ಬ ಹೆಣ್ಣಾಳಿನ ಬಲಗಣ್ಣಿಗೆ ಹೊಟ್ಟು ಬಿತ್ತು. ನೆರೆಯಲ್ಲಿದ್ದ ಮುದುಕಿಯೊಬ್ಬಳು ವಾಡಿಕೆಯಂತೆ ನಾಲಗೆಯಿಂದ ಅದನ್ನು ತೆಗೆದಳು. ಮಾರನೆಯ ದಿನ ಮೊಲೆಹಾಲು ಹಾಕಿದರು. ನಾಲ್ಕನೆಯ ದಿನ ಪೇಟೆಯ ಔಷಧದಂಗಡಿಯಿಂದ ತಂದ ತೊಟ್ಟುಮದ್ದನ್ನು ಹಾಕಿದ ಕೂಡಲೇ ಕೆಂಪು ಇಳಿಯಿತು. ಎಲ್ಲರಿಗೂ ಸಮಾಧಾನವಾಗಿ ಆಕೆ ಮರಳಿ ಕೆಲಸಕ್ಕೆ ಬಂದಳು. ಹನ್ನೊಂದನೆಯ ದಿನ ಕರಿಗುಡ್ಡೆಯ ಮೇಲೆ ಮಲ್ಲಿಗೆಯ ಮೊಗ್ಗಿನಷ್ಟು ಬಿಳುಪು ಕಂಡಿತು. ಆಸ್ಪತ್ರೆಯಲ್ಲಿ ಎರಡು ತಿಂಗಳ ಕಾಲ ಮದ್ದು ಹಾಕಿಸಿಕೊಂಡ ಮೇಲೆ ಕಣ್ಣುಗುಡ್ಡೆ ಉಳಿಯಿತು. ಆ ಕಣ್ಣಿನಿಂದ ಈಗ ಎದುರಿಗೆ ಆಡಿಸಿದ ಕೈ ಮಾತ್ರ ಕಾಣುತ್ತದೆ. ಮೊದಲ ದಿನವೇ ಏಕೆ ಹೇಳಲಿಲ್ಲವೆಂದು ಜಮೀನಿನ ಯಜಮಾನರು ಕೇಳಿದಾಗ, "ಹೇಳಿದ್ದರೆ ನಾಳೆಯಿಂದ ಬರಬೇಡ ಅಂತಿದ್ರಿ ಗೌಡರೇ" ಎಂದಳು. ಯಜಮಾನರು ಒಳ್ಳೆಯವರೇ, ಹಾಗೆ ಅವರು ಹೇಳುತ್ತಿರಲಿಲ್ಲವೆಂದು ನಾನು ನಂಬುತ್ತೇನೆ. ಆಕೆಗೆ ಮಾತ್ರ ಆ ನಂಬಿಕೆಯಿರಲಿಲ್ಲ.

ಈ ವೃತ್ತಾಂತದಲ್ಲಿ ಮೂರು ತಪ್ಪುಗಳಿವೆ. ನಾಲಗೆಯಿಂದ ಕಸ ತೆಗೆಯುವವರ ಕೈಗುಣವನ್ನು ಹಳ್ಳಿಗಳಲ್ಲಿ ಹೊಗಳುವುದುಂಟು. ಕಸವೇನೋ ಬರಬಹುದು, ಆದರೆ ಬಾಯಿಯಲ್ಲಿರುವ ಅಸಂಖ್ಯ ರೋಗಾಣುಗಳು ಗೀರಿದ ಪೊರೆಗೆ ಬಳಿಯಲ್ಪಡುತ್ತವೆ. ಮೊಲೆಹಾಲು, ಹರಳೆಣ್ಣೆ, ಎಲೆಯ ರಸ, ಜೇನುತುಪ್ಪ ಇವು ಸ್ವತಃ ವಿಷವಲ್ಲದಿದ್ದರೂ ಗಾಯವಾದ ಕಣ್ಣಿಗೆ ಹಾಕುವಷ್ಟು ಶುದ್ಧವಾಗಿರುವುದಿಲ್ಲ. ಮೂರನೆಯದೇ ಎಲ್ಲಕ್ಕಿಂತ ಮೋಸದ್ದು. ಅಂಗಡಿಯ ಕೆಲವು ತೊಟ್ಟುಮದ್ದುಗಳಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಮುಂತಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನೂ ಉರಿಯನ್ನೂ ಅಡಗಿಸುವುದು ದೇಹದ ಪ್ರತಿಭಟನೆಯನ್ನು ಅಡಗಿಸುವುದರಿಂದಲೇ. ಕಾವಲುಗಾರನನ್ನು ಮಲಗಿಸಿದರೆ ಗದ್ದಲವೂ ನಿಲ್ಲುತ್ತದೆ, ಕಳ್ಳನಿಗೆ ದಾರಿಯೂ ಆಗುತ್ತದೆ. ವೈದ್ಯರು ದೀಪದ ಯಂತ್ರದಲ್ಲಿ ಕಣ್ಣನ್ನು ನೋಡಿ ಬರೆದುಕೊಡದ ಹೊರತು ಇಂಥ ಮದ್ದನ್ನು ಹಾಕಕೂಡದು. ಹಿಂದಿನ ವರ್ಷ ಮತ್ತೊಬ್ಬರಿಗೆ ಕೊಟ್ಟ ಸೀಸೆಯಲ್ಲಿ ಉಳಿದುದನ್ನಂತೂ ಮುಟ್ಟಲೇ ಕೂಡದು.

ಕಸ ಕಾಣಿಸದೆ ನವೆಯೂ ನೀರೂ ಮಾತ್ರ ವಾರಗಟ್ಟಲೆ ನಿಲ್ಲದಿರುವುದು ಇನ್ನೊಂದು ಬಗೆ. ಇದಕ್ಕೆ ಕಾರಣಗಳು ಹಲವು. ಧಾನ್ಯದ ಹೊಟ್ಟಿನ ಬಟ್ಟಲಿನಂಥ ಚೂರು ಅಥವಾ ಸಣ್ಣ ಜೀರುಂಡೆಯ ರೆಕ್ಕೆಯ ತುಂಡು ಕರಿಗುಡ್ಡೆಯ ಅಂಚಿಗೆ ಬೋರಲಾಗಿ ಕಚ್ಚಿಕೊಂಡು ಬಹುದಿನ ಅಲ್ಲಿಯೇ ಇರಬಲ್ಲುದು. ನೋಡಿದವರು ಅದನ್ನು ಗುಳ್ಳೆಯೆಂದೋ ಮಚ್ಚೆಯೆಂದೋ ತಿಳಿಯುತ್ತಾರೆ. ಮೇಲುರೆಪ್ಪೆಯ ಒಳಗೆ ಸಿಕ್ಕಿಕೊಂಡ ಚೂರು ಕಣ್ಣು ಪಿಳುಕಿಸಿದಾಗಲೆಲ್ಲ ಪೊರೆಯನ್ನು ಗೀರುತ್ತದೆ. ರೆಪ್ಪೆಯನ್ನು ಮಗುಚಿ ನೋಡದೆ ಅದು ಸಿಕ್ಕದು. ಕೆಲವರಿಗೆ ಹೊರಗಿನ ಕಸವೇ ಇರುವುದಿಲ್ಲ. ಒಳಕ್ಕೆ ತಿರುಗಿದ ತಮ್ಮದೇ ಎವೆಗೂದಲು ಚುಚ್ಚುತ್ತಿರುತ್ತದೆ. ಇದನ್ನು ತಂದಿಡುತ್ತಿದ್ದ ಟ್ರಕೋಮಾ ಎಂಬ ಹಳೆಯ ಕಣ್ಣುಬೇನೆಯನ್ನು ಭಾರತವು ಸಾರ್ವಜನಿಕ ಆರೋಗ್ಯದ ಪಿಡುಗೆನಿಸದಷ್ಟು ತಗ್ಗಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಒಪ್ಪಿಕೊಂಡಿತು. ಆದರೂ ವಯಸ್ಸಾದವರಲ್ಲಿ ಬೇರೆ ಕಾರಣಗಳಿಂದ ಎವೆ ಒಳತಿರುಗುವುದು ಈಗಲೂ ಉಂಟು.

ಕಂಬಳಿಹುಳುವಿನ ರೋಮದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಹುಳುವಿನ ನಿವಾರಣೆ ರೈತರ ಕೈಯಲ್ಲಿಯೇ ಇರುವ ಕೆಲಸ. ಆ ರೋಮಕ್ಕೆ ಬರಿಗಣ್ಣಿಗೆ ಕಾಣದ ಹಿಮ್ಮುಖ ಮುಳ್ಳುಗಳಿರುತ್ತವೆ. ಕಂಬಳಿಗೆ ಹತ್ತಿದ ಹುಲ್ಲಿನ ಮುಳ್ಳು ನಡೆದಂತೆಲ್ಲ ಒಳಕ್ಕೇ ಸರಿಯುವ ಹಾಗೆ, ಕಣ್ಣುಜ್ಜಿದಂತೆಲ್ಲ ಈ ರೋಮ ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಮೊದಲು ರೆಪ್ಪೆಯ ಒಳಮೈಯಲ್ಲಿ ಸಣ್ಣ ಗಂಟುಗಳೇಳುತ್ತವೆ; ಕೆಲವು ರೋಮಗಳು ಪೊರೆಯನ್ನು ತೂರಿ ಕಣ್ಣಿನ ಒಳಭಾಗವನ್ನೂ ಸೇರಿ ತಿಂಗಳುಗಳ ಮೇಲೆ ಉರಿಯನ್ನುಂಟುಮಾಡಿರುವುದುಂಟು. ಆದಕಾರಣ ಕಂಬಳಿಹುಳು ಕಣ್ಣಿಗೆ ತಾಗಿದವನು ನೋವು ತಗ್ಗಿದರೂ ನೇತ್ರವೈದ್ಯರಿಗೆ ತೋರಿಸಲೇಬೇಕು. ಯಂತ್ರದ ಕೆಳಗೆ ರೋಮಗಳನ್ನು ಒಂದೊಂದಾಗಿ ಕೀಳುವುದು ಅವರಿಂದ ಮಾತ್ರ ಸಾಧ್ಯ.

ಕಡಲೆಕಾಯಿ ಬೆಳೆಯುವ ಸೀಮೆಗಳಲ್ಲಿ ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಕೆಂಪು ಕಂಬಳಿಹುಳುವಿನ ಪತಂಗಗಳು ರಾತ್ರಿಯ ವೇಳೆ ಮಣ್ಣಿನಿಂದ ಏಳುತ್ತವೆ. ಬೇಸಗೆಯಲ್ಲಿಯೇ ಆಳವಾಗಿ ಉತ್ತು ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ಮಳೆಯ ಮರುರಾತ್ರಿಗಳಲ್ಲಿ ಊರೆಲ್ಲ ಕೂಡಿ ದೀಪದ ಬಲೆಗಳನ್ನಿಡುವುದು, ಎಲೆಯ ಹಿಂಬದಿಯ ಮೊಟ್ಟೆಯ ಗುಂಪುಗಳನ್ನು ಕಿತ್ತು ನಾಶಪಡಿಸುವುದು ಇವನ್ನು ಕೈಕೊಂಡರೆ ಬೆಳೆಯೂ ಉಳಿಯುತ್ತದೆ, ರೋಮ ಬಲಿತ ಹುಳುವನ್ನು ಕೈಯಲ್ಲಿ ಆರಿಸುವ ಪ್ರಮೇಯವೂ ತಪ್ಪುತ್ತದೆ. ಆರಿಸಲೇಬೇಕಾದರೆ ಕಡ್ಡಿಯಿಂದ ಸೀಮೆಎಣ್ಣೆ ಬೆರೆಸಿದ ನೀರಿಗೆ ತಳ್ಳಬೇಕು; ಬರಿಗೈಯಿಂದ ಹಿಡಿದು ಅದೇ ಕೈಯಲ್ಲಿ ಬೆವರೊರಸಿಕೊಳ್ಳಬಾರದು. ಹಿತ್ತಿಲ ನುಗ್ಗೆಯ ಮರದ ಕಾಂಡದಲ್ಲಿ ಗುಂಪುಗಟ್ಟುವ ಹುಳುಗಳನ್ನು ಪಂಜಿನಿಂದ ಸುಡುವವರು ಗಾಳಿಗೆ ಬೆನ್ನು ಮಾಡಿ ನಿಲ್ಲತಕ್ಕದ್ದು. ಮಕ್ಕಳನ್ನು ಮರದ ಕೆಳಗೆ ಬಿಡಕೂಡದು. ನಸುಗುನ್ನಿಯ ಕಾಯಿ ಬಲಿತಿರುವ ಬೇಲಿಯನ್ನು ಸವರುವಾಗಲೂ ಇದೇ ಎಚ್ಚರಿಕೆ.

ಇನ್ನೊಂದು ವಿಚಿತ್ರವಾದ ದೂರನ್ನು ಕೆಲವರು ಹೇಳುತ್ತಾರೆ. ಕಣ್ಣಿನಿಂದ ದಿನವೂ ಬಿಳಿಯ ನೂಲು ಬರುತ್ತದೆ, ಎಳೆದಷ್ಟೂ ಬರುತ್ತದೆ, ಯಾರೋ ಏನೋ ಮಾಡಿಸಿರಬೇಕೆಂದು ಹೆದರಿಕೊಳ್ಳುತ್ತಾರೆ. ಅದು ಬಟ್ಟೆಯ ನೂಲೂ ಅಲ್ಲ, ಹುಳುವೂ ಅಲ್ಲ. ಕೆರಳಿದ ಕಣ್ಣು ತನ್ನ ರಕ್ಷಣೆಗಾಗಿ ಸುರಿಸುವ ಲೋಳೆ ಎಳೆಗಟ್ಟಿದ್ದು. ಬೆರಳು ಹಾಕಿ ಎಳೆದರೆ ಕಣ್ಣು ಇನ್ನಷ್ಟು ಕೆರಳಿ ಇನ್ನಷ್ಟು ಲೋಳೆ ಬರುತ್ತದೆ; ಬಂದುದನ್ನು ಮತ್ತೆ ಎಳೆಯುತ್ತಾರೆ. ಹೀಗೆ ಗಾಣದೆತ್ತಿನಂತೆ ಸುತ್ತುವ ಈ ಸ್ಥಿತಿಯನ್ನು 1985ರಲ್ಲಿ ಅಮೆರಿಕದ ನೇತ್ರವೈದ್ಯರು ವರ್ಣಿಸಿ, ಲೋಳೆಗೆ ಗಾಳ ಹಾಕುವ ರೋಗವೆಂಬ ಅರ್ಥದ ಹೆಸರನ್ನಿಟ್ಟರು. ಮೊದಲ ಕೆರಳಿಕೆಗೆ ಕಣ್ಣೀರಿನ ಕೊರತೆಯೋ ರೆಪ್ಪೆಯ ಉರಿಯೋ ಅಲರ್ಜಿಯೋ ಕಾರಣವಿರಬಹುದು. ಅದಕ್ಕೆ ಚಿಕಿತ್ಸೆಯಾಗಬೇಕು, ಬೆರಳು ನಿಲ್ಲಬೇಕು. ಇಂಥವರನ್ನು ಹಾಸ್ಯಮಾಡಬಾರದು. ಅವರ ನವೆ ನಿಜವಾದುದು. ಕಾರಣದ ವಿಷಯದಲ್ಲಿ ಮಾತ್ರ ಅವರು ತಪ್ಪಿದ್ದಾರೆ. ಕಣ್ಣಿನಿಂದ ಕಡ್ಡಿಯನ್ನೋ ಹುಳುವನ್ನೋ ತೆಗೆದು ತೋರಿಸಿ ಹಣ ಪಡೆಯುವ ಅಲೆಮಾರಿಗಳ ಕೈಗೆ ಬೀಳುವವರು ಹೆಚ್ಚಾಗಿ ಇವರೇ. ತೆಗೆದು ತೋರಿಸಿದ ವಸ್ತು ಅವನ ಬೆರಳಸಂದಿಯಿಂದ ಬಂದಿತೇ ಕಣ್ಣಿನಿಂದ ಬಂದಿತೇ ಎಂಬುದನ್ನು ಊರಿನ ಹಿರಿಯರು ಹತ್ತಿರ ಕುಳಿತು ನೋಡುವುದು ಒಳ್ಳೆಯದು.

ಇನ್ನು ಮಾಡತಕ್ಕ ಕ್ರಮ. ಕಸ ಬಿದ್ದವನು ಉಜ್ಜಬಾರದು. ಸಾಬೂನಿನಿಂದ ಕೈ ತೊಳೆದ ಮತ್ತೊಬ್ಬರು ಕಾಯಿಸಿ ಆರಿಸಿದ ನೀರನ್ನು ಮೂಗಿನ ಬದಿಯಿಂದ ಕಿವಿಯ ಕಡೆಗೆ ಹರಿಯುವಂತೆ ಸಣ್ಣ ಧಾರೆಯಾಗಿ ಹೊಯ್ಯಬೇಕು. ರೋಗಿಯು ಕಣ್ಣನ್ನು ತೆರೆದು ಮುಚ್ಚಿ ಮಾಡುತ್ತಿರಬೇಕು. ಮೇಲುರೆಪ್ಪೆಯನ್ನು ಎವೆ ಹಿಡಿದು ಕೆಳರೆಪ್ಪೆಯ ಮೇಲಕ್ಕೆ ಎಳೆದು ಬಿಟ್ಟರೆ ಒಳಗಿನ ಚೂರು ಎಷ್ಟೋ ಸಲ ಹೊರಬರುತ್ತದೆ. ಬಿಳಿಗುಡ್ಡೆಯ ಮೇಲೆ ಕಾಣುವ ಕಸವನ್ನು ತೋಯಿಸಿದ ಶುದ್ಧವಾದ ಬಟ್ಟೆಯ ತುದಿಯಿಂದ ಎತ್ತಬಹುದು. ಕರಿಗುಡ್ಡೆಯ ಮೇಲಿರುವುದನ್ನು ಮನೆಯಲ್ಲಿ ಯಾರೂ ಮುಟ್ಟಕೂಡದು. ಹಾರೆ, ಉಳಿ, ಬೀಸುಕಲ್ಲುಗಳನ್ನು ಹೊಡೆಯುವಾಗ ಸಿಡಿದ ಲೋಹದ ಚೂರಾದರೆ ತೊಳೆಯುವುದೂ ಒತ್ತುವುದೂ ಬೇಡ. ಲೋಟದಂಥದೊಂದನ್ನು ಕಣ್ಣಿನ ಮೇಲೆ ತಾಗದಂತೆ ಮರೆ ಕಟ್ಟಿ ಆ ಕ್ಷಣವೇ ಆಸ್ಪತ್ರೆಗೆ ಸಾಗಿಸಬೇಕು.

ಸುಣ್ಣ, ಎಕ್ಕದ ಹಾಲು, ಕಳ್ಳಿಯ ಹಾಲು, ಅಡಕೆಗೆ ಹೊಡೆಯುವ ಮೈಲುತುತ್ತ ಸುಣ್ಣದ ದ್ರಾವಣ ಇವು ಬಿದ್ದರೆ ಕ್ರಮವೇ ಬೇರೆ. ಕಾಯಿಸಿದ ನೀರಿಗಾಗಿ ಕಾಯದೆ ಹತ್ತಿರವಿರುವ ತಿಳಿನೀರನ್ನು ಅರ್ಧ ಗಂಟೆಯವರೆಗೂ ಎಡೆಬಿಡದೆ ಹೊಯ್ದು, ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಎಕ್ಕದ ಹಾಲು ಬಿದ್ದಾಗ ನೋವಿಲ್ಲದಿದ್ದರೂ ಮಂಜು ಕವಿಯುವುದುಂಟು; ನೋವಿಲ್ಲವೆಂದು ಸುಮ್ಮನಿರಬಾರದು.

ಕಸ ಹೋದ ಮೇಲೂ ಚುಚ್ಚುವಿಕೆ, ಬೆಳಕು ನೋಡಲಾರದಿರುವುದು, ಮಂಜು ಅಥವಾ ಗೀಜು ಇದ್ದರೆ ಪೊರೆ ಗೀರಿದೆಯೆಂದು ತಿಳಿದು ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ಅದೇ ದಿನವೆಂಬುದಕ್ಕೆ ಆಧಾರವಿದೆ. ನೇಪಾಳದ ಭಕ್ತಪುರದ ಹಳ್ಳಿಗಳಲ್ಲಿ ತರಬೇತಿ ಪಡೆದ ಗ್ರಾಮದ ಆರೋಗ್ಯ ಕಾರ್ಯಕರ್ತರು ಪೊರೆ ಗೀರಿದ 442 ಮಂದಿಗೆ ಶೇಕಡಾ 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ 3 ಸಲದಂತೆ 3 ದಿನ ಹಾಕಲಾಗಿ, 424 ಮಂದಿಯ ಕಣ್ಣು ಹುಣ್ಣಾಗದೆ ಗುಣವಾಯಿತು. ಪೆಟ್ಟಾದ 18 ಗಂಟೆಗಳೊಳಗೆ ಮುಲಾಮು ಬಿದ್ದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾದಂತೆಲ್ಲ ಹುಣ್ಣು ಹೆಚ್ಚಿತು. ಈ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಆದರೆ ಈ ಮುಲಾಮು ಬೂಷ್ಟನ್ನು ಕೊಲ್ಲುವ ಮದ್ದಲ್ಲ; ಹುಣ್ಣಾದ ಮೇಲೆ ಅದನ್ನೇ ನಂಬಿ ಕೂರಬಾರದು. ಬೂಷ್ಟಿನ ಹುಣ್ಣಿಗೆ ಶೇಕಡಾ 5ರ ನಾಟಾಮೈಸಿನ್ ಎಂಬ ತೊಟ್ಟುಮದ್ದೇ ಮೇಲೆಂದು ದಕ್ಷಿಣ ಭಾರತದಲ್ಲಿ 323 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸಿದ್ಧಪಟ್ಟಿದೆ. ಅದನ್ನು ಮೊದಮೊದಲು ಗಂಟೆಗೊಮ್ಮೆ, ಆಮೇಲೆ ವಾರಗಟ್ಟಲೆ ಹಾಕಬೇಕಾಗುತ್ತದೆ. ಕೆಂಪು ಇಳಿಯಿತೆಂದು ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ.

ಜಮೀನುದಾರರೂ ಗ್ರಾಮದ ಮುಖಂಡರೂ ಸುಗ್ಗಿಗೆ ಮುಂಚೆ ಮಾಡಬಹುದಾದ ಏರ್ಪಾಡು ದೊಡ್ಡದೇನೂ ಅಲ್ಲ. ಕಣದ ಬದಿಯಲ್ಲಿ ಮುಚ್ಚಳವಿರುವ ಪಾತ್ರೆಯಲ್ಲಿ ಕಾಯಿಸಿ ಆರಿಸಿದ ನೀರು, ಸಾಬೂನು, ಶುದ್ಧವಾದ ಬಟ್ಟೆ ಇರಲಿ. ತೂರುವವರು ಗಾಳಿ ಬೆನ್ನಿಗೆ ಬರುವಂತೆ ನಿಲ್ಲಲಿ. ಹೊಟ್ಟು ಹಾರುವ ಕಡೆ ಯಾರನ್ನೂ ಕೂರಿಸಬಾರದು. ಒಕ್ಕಣೆಯ ಯಂತ್ರಕ್ಕೆ ತೆನೆ ಕೊಡುವವನಿಗೂ ಕಬ್ಬಿನ ಸೋಗೆ ಸುಲಿಯುವವನಿಗೂ ಬದಿ ಮುಚ್ಚಿದ ಸಾದಾ ಕನ್ನಡಕ ಕೊಡಿಸುವ ಖರ್ಚು ಒಂದು ಹೊತ್ತಿನ ಎಣ್ಣೆಯ ಖರ್ಚಿಗಿಂತ ಹೆಚ್ಚಾಗದು. ಬೆವರಿಗೆ ಮಂಜಾಗುತ್ತದೆಂದು ಆಳುಗಳು ಅದನ್ನು ಹಣೆಗೇರಿಸುವರು. ಎರಡು ದಿನ ಯಜಮಾನರೇ ಹಾಕಿಕೊಂಡು ಕಣದಲ್ಲಿ ನಿಂತರೆ ಬೇಗ ರೂಢಿಯಾಗುತ್ತದೆ. ಡಾಂಬರು ರಸ್ತೆಯ ಮೇಲೆ ರಾಗಿ, ಹುರುಳಿಗಳನ್ನು ಹರಡಿ ಬಂಡಿಗಳಿಂದ ತುಳಿಸುವ ಅಭ್ಯಾಸವು ದ್ವಿಚಕ್ರದವರ ಕಣ್ಣಿಗೆ ಅಪಾಯವಾದುದರಿಂದ ಊರೊಟ್ಟಿನ ಕಣಗಳನ್ನು ದುರಸ್ತಿಮಾಡಿಸುವುದು ಮುಖಂಡರಿಗೆ ಸೇರಿದ್ದು. ಕಣ್ಣಿಗೆ ಪೆಟ್ಟಾದವನಿಗೆ ಆ ದಿನದ ಕೂಲಿಯನ್ನು ಕಡಿಯುವುದಿಲ್ಲವೆಂದು ಕೆಲಸ ಆರಂಭಿಸುವ ದಿನವೇ ಎಲ್ಲರ ಮುಂದೆ ಹೇಳಬೇಕು. ಮೇಲೆ ಹೇಳಿದ ಹೆಣ್ಣಾಳಿನ ಕಣ್ಣನ್ನು ಉಳಿಸಬಹುದಾಗಿದ್ದುದು ಈ ಒಂದು ಮಾತು.

ಊರಿನ ಆಶಾ ಕಾರ್ಯಕರ್ತೆಗೆ ಮೊದಲು ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸತಕ್ಕದ್ದು. ಕರಿಗುಡ್ಡೆಯ ಮೇಲೆ ಬಿಳುಪು ಕಂಡಿದ್ದರೆ ಅಲ್ಲಿ ನಿಲ್ಲದೆ ನೇತ್ರತಜ್ಞರಿರುವ ಜಿಲ್ಲಾ ಆಸ್ಪತ್ರೆಗೋ, ಬೆಂಗಳೂರಿಗೆ ಸಮೀಪದವರಾದರೆ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಗೋ ಹೋಗಬೇಕು. ಕಣ್ಣಿನಿಂದ ತೆಗೆದ ಚೂರು ಇದ್ದರೆ ಅದನ್ನೂ, ಮನೆಯಲ್ಲಿ ಹಾಕಿದ ಮದ್ದಿನ ಸೀಸೆಯನ್ನೂ ಕಾಗದದಲ್ಲಿ ಕಟ್ಟಿ ರೋಗಿಯ ಸಂಗಡ ಕಳುಹಿಸಬೇಕು. ನಾಲಗೆ ಹಾಕಿದ್ದನ್ನೂ ಹಾಲು ಹಾಕಿದ್ದನ್ನೂ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸುವಂತೆ ಜೊತೆಯಲ್ಲಿ ಹೋಗುವವರಿಗೆ ಹೇಳಿಕಳುಹಿಸತಕ್ಕದ್ದು.